ಕೋಲಜ್ಜನ ಪಕ್ಷದವರು

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆಗೆ ಆ ಮನೆಯಲ್ಲಿ ಎಲ್ಲರೂ ಒಗ್ಗಿದರು, ನಾದಿನಿಯೊಬ್ಬಳನ್ನು ಬಿಟ್ಟು. ನಾದಿನಿ ಕೆಟ್ಟವಳೇನಲ್ಲ. ಕನ್ನಡಕದ ಅಂಗಡಿಯಲ್ಲಿ ಅವಳ ಕೆಲಸ. ಗಿರಾಕಿಯ ಮೂಗು ಚಪ್ಪಟೆಯಿರಲಿ, ಗಿಣಿಮೂಗಿರಲಿ, ಅದಕ್ಕೊಪ್ಪುವ ಫ್ರೇಮು ಹುಡುಕಿ, ನಗಿಸಿ ಕಳಿಸುತ್ತಿದ್ದಳಂತೆ. ಮನೆಗೆ ಬಂದರೆ ಮಾತ್ರ ಬಾಯಿಗೆ ಬೀಗ. ಕೈಕಾಲು ತೊಳೆದವಳೇ ಟಿವಿ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಹಳೇ ಜಪಾನಿ ಗೇಮಿನ ಡಬ್ಬಿಯ ಗುಂಡಿ ಒತ್ತಿಬಿಡುತ್ತಿದ್ದಳು.

ತೆರೆಯ ಮೇಲೆ ತಟ್ಟೆಯಗಲ ಕಣ್ಣಿನ ಜಟ್ಟಿಗಳು, ಕಾಗದದಲ್ಲಿ ಬರೆದು ಕತ್ತರಿಸಿಟ್ಟ ಬೊಂಬೆಗಳ ಹಾಗೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಿಗಿದು ಗುದ್ದಾಡುತ್ತಿದ್ದರು. ಅವರ ಹೆಸರೆಲ್ಲ ಜಪಾನಿ ಲಿಪಿಯಲ್ಲಿತ್ತು. ಹಾಗಾಗಿ ನಾದಿನಿಯ ಅಪ್ಪನೇ ಎಲ್ಲರಿಗೂ ನಾಮಕರಣ ಮಾಡಿದ್ದರು. ರಿಬ್ಬನ್ ಕಟ್ಟಿದ ಶಾಲೆಯ ಹುಡುಗಿ ಜಡೆಮಾರಿ, ನೀಲಿಕೂದಲಿನವನು ಶಾಯಿಬುರುಡೆ, ದೊಣ್ಣೆ ಹಿಡಿದ ಬಿಳಿಗಡ್ಡದವನು ಕೋಲಜ್ಜ. ಅಪ್ಪನದು ಗಡಿಯಾರ ರಿಪೇರಿಯ ಅಂಗಡಿ. ಮಗಳು ಚಿಕ್ಕವಳಿದ್ದಾಗ ಆ ಡಬ್ಬಿ ತಂದಿದ್ದರು. ಸಂಜೆಯಾದರೆ ಅಪ್ಪ ಮಗಳು ಹಾವು ಮುಂಗುಸಿಯ ಹಾಗೆ ಕಾದಾಡುತ್ತಿದ್ದರು. ಸೊಸೆ ಬರುವ ಮುಂಚೆಯೇ ಅವರು ತೀರಿಕೊಂಡಿದ್ದರು. ಆಮೇಲಿಂದ ನಾದಿನಿಗೆ ಗೇಮಿನ ಯಂತ್ರವೇ ಎದುರಾಳಿ.

ಒಂದು ಸಂಜೆ ಸೊಸೆ ಧೈರ್ಯ ಮಾಡಿ ಪಕ್ಕದಲ್ಲಿ ಕೂತಳು. "ನಾನೂ ಒಂದಾಟ ಆಡ್ಲಾ?"

"ಇನ್ನೊಂದು ಜಾಯ್‌ಸ್ಟಿಕ್ ಕೆಟ್ಟಿದೆ ಅತ್ತಿಗೆ," ಎಂದಳು ನಾದಿನಿ, ಟಿವಿಯಿಂದ ಕಣ್ಣು ತೆಗೆಯದೆ. "ಅಲ್ಲದೆ ಇದು ನಿಮ್ಮಂಥವರ ಆಟ ಅಲ್ಲ."

ಸೊಸೆಯ ಮುಖ ಸಪ್ಪಗಾಯಿತು. ಅಡುಗೆಮನೆ ಬಾಗಿಲಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದರು.

ಸೊಸೆ ಕಟ್ಟುಹಲ್ಲು ತಯಾರಿಸುವ ಕಡೆ ಕೆಲಸಕ್ಕಿದ್ದಳು. ಯಾರದೋ ಬಾಯಿಯ ಅಚ್ಚಿಗೆ ಸರಿಯಾಗಿ ಮೇಣದ ಹಲ್ಲು ತೀಡುವುದು ಅವಳ ಪಾಲಿನ ಕೆಲಸ. ಜಾಗ ಹತ್ತಿರವೇ ಇದ್ದುದರಿಂದ ಮಧ್ಯಾಹ್ನ ಊಟಕ್ಕೆ ಮನೆಗೇ ಬರುತ್ತಿದ್ದಳು. ಮರುದಿನ ಬಂದಾಗ ಊಟಕ್ಕೂ ಮೊದಲೇ ಟಿವಿ ಓಡುತ್ತಿತ್ತು. ಅತ್ತೆ ಬೀರುವಿನೊಳಗಿಂದ ಒಂದು ಬಟ್ಟೆಗಂಟು ತಂದು ಅವಳ ಮಡಿಲಲ್ಲಿಟ್ಟರು. ಬಿಚ್ಚಿದರೆ ಎರಡನೇ ಜಾಯ್‌ಸ್ಟಿಕ್.

"ಕೆಟ್ಟಿದೆ ಅಂದ್ರಲ್ಲ?"

"ಕೆಟ್ಟಿರೋದು ಅವಳ ಮನಸ್ಸು. ಅವರಪ್ಪ ಹೋದ ಮೇಲೆ ಸುತ್ತಿಟ್ಟಳು, ಬಿಚ್ಚಲೇ ಇಲ್ಲ. ಹೂಂ, ಕೋಲಜ್ಜನ್ನ ತಗೋ. ಸುಮ್ಮಸುಮ್ಮನೆ ನೆಗೀಬೇಡ, ನೆಗೆದವರೇ ಮೊದಲು ಒದೆ ತಿನ್ನೋದು. ಈ ಕೈಯಲ್ಲಿರೋ ಕೋಲನ್ನ ಸೌಟು ತಿರುಗಿಸಿದ ಹಾಗೆ, ಕೆಳಗಿಂದ ಮುಂದಕ್ಕೆ ಕಾಲು ಸುತ್ತು ತಿರುಗಿಸಿ ಗುಂಡಿ ಒತ್ತು."

ಸೊಸೆ ತಿರುಗಿಸಿದಳು. ಕೋಲಜ್ಜನ ದೊಣ್ಣೆಯ ತುದಿಯಿಂದ ಬೆಂಕಿಯ ಉಂಡೆ ಚಿಮ್ಮಿತು. ಅವಳು ಹೆದರಿ ಜಾಯ್‌ಸ್ಟಿಕ್ಕನ್ನೇ ಎತ್ತಿಹಾಕಿದಳು. ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಿಮಗಿದೆಲ್ಲ ಹೇಗೆ ಗೊತ್ತು ಅತ್ತೆ?"

"ಇಷ್ಟು ವರ್ಷ ಇದೇ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸಿದೀನಿ. ಕಣ್ಣೇನು ಕಟ್ಟಿತ್ತಾ?"

ಹೀಗೆ ಮಧ್ಯಾಹ್ನದ ಪಾಠ ಶುರುವಾಯಿತು. ಅನ್ನ ಆರಿ ತಣ್ಣಗಾದರೂ ಇಬ್ಬರಿಗೂ ಪರಿವೆಯಿರಲಿಲ್ಲ. ಮೇಣ ತೀಡಿ ಪಳಗಿದ ಸೊಸೆಯ ಬೆರಳಿಗೆ ಬಹುಬೇಗ ಹಿಡಿತ ಸಿಕ್ಕಿತು. ಎರಡು ಹೆಜ್ಜೆ ಹಿಂದೆ ಸರಿದು, ಸೋತವನಂತೆ ಕುಕ್ಕರಿಸಿ, ಎದುರಾಳಿ ಮೈಮೇಲೆ ಬಿದ್ದಾಗ ಕಾಲಿಗೇ ಕೋಲು ಬೀಸುವುದು ಅತ್ತೆಯ ಮೆಚ್ಚಿನ ಪಟ್ಟು. ಅದಂತೂ ಸೊಸೆಗೆ ಕರತಲಾಮಲಕವಾಯಿತು.

ಭಾನುವಾರ ಬೆಳಿಗ್ಗೆ ನಾದಿನಿ ಆಟ ಹಚ್ಚುವುದನ್ನೇ ಕಾದಿದ್ದು, ಸೊಸೆ ಜಾಯ್‌ಸ್ಟಿಕ್ ಹಿಡಿದು ಪಕ್ಕದಲ್ಲಿ ಕೂತಳು. ನಾದಿನಿಯ ಮುಖ ಬಿಳಿಚಿತು.

"ಅದನ್ನ ಯಾಕೆ ತೆಗೆದ್ರಿ? ಯಾರನ್ನ ಕೇಳಿ ತೆಗೆದ್ರಿ?"

ಸೊಸೆ ಜಾಯ್‌ಸ್ಟಿಕ್ಕನ್ನು ಮಡಿಲಿಗೆ ಒತ್ತಿ ಹಿಡಿದಳು. "ಒಂದೇ ಒಂದಾಟ. ಸೋತರೆ ನಾನೇ ಬಟ್ಟೆ ಸುತ್ತಿ ಇಟ್ಟುಬಿಡ್ತೀನಿ."

ನಾದಿನಿ ಹಲ್ಲು ಕಚ್ಚಿ ಜಡೆಮಾರಿಯನ್ನು ಆರಿಸಿದಳು. ಮೊದಲ ಸುತ್ತಿನಲ್ಲಿ ಕೋಲಜ್ಜನನ್ನು ಅಗಸರ ಬಟ್ಟೆಯ ಹಾಗೆ ಎತ್ತಿ ಒಗೆದಳು. ಎರಡನೇ ಸುತ್ತಿನಲ್ಲಿ ಸೊಸೆ ಹಿಂದೆ ಸರಿದಳು, ಕುಕ್ಕರಿಸಿದಳು. ಜಡೆಮಾರಿ ನುಗ್ಗಿ ಬಂದಳು. ಕೋಲು ಬೀಸಿತು. ಜಡೆಮಾರಿ ಅಂಗಾತ.

ನಾದಿನಿ ಆಟ ನಿಲ್ಲಿಸಿದಳು.

"ಇದು ಅಪ್ಪನ ಪಟ್ಟು," ಎಂದಳು. "ನಿಮಗೆ ಯಾರು ಹೇಳಿಕೊಟ್ರು?"

"ನಿಮ್ಮಪ್ಪಂದಂತೆ!" ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಅದು ನನ್ನ ಪಟ್ಟು ಕಣೇ. ನಿಮ್ಮಪ್ಪ ನನ್ನ ಹತ್ರ ಕಲಿತದ್ದು."

"ನೀನ್ಯಾವಾಗ ಆಡ್ತಿದ್ದೆ?"

"ನೀನು ಸ್ಕೂಲಲ್ಲಿರುವಾಗ. ಮಧ್ಯಾಹ್ನ ಅಂಗಡಿ ಬಾಗಿಲು ಹಾಕ್ಕೊಂಡು ಊಟಕ್ಕೆ ಬರ್ತಿದ್ರಲ್ಲ? ಸೋತವರು ಪಾತ್ರೆ ತೊಳೀಬೇಕು ಅಂತ ಪಂದ್ಯ. ಪಾಪ, ದಿನಾ ಅವರೇ ತೊಳೀತಿದ್ರು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಅತ್ತೆ ಅವಳ ಬೆನ್ನ ಹಿಂದೆ ಕುರ್ಚಿ ಎಳೆದು ಕೂತರು. "ಸಂಜೆ ನಿನ್ನ ಪಾಲು, ಮಧ್ಯಾಹ್ನ ನನ್ನ ಪಾಲು. ಅವರಿದ್ದಾಗ ಹೇಳೋದೇನಿತ್ತು? ಹೋದ ಮೇಲೆ ನೀನು ಅದನ್ನ ಗಂಟು ಕಟ್ಟಿಟ್ಟೆ. ನಿನ್ನ ದುಃಖದ ಮುಂದೆ ನನ್ನದನ್ನ ಹೇಗೆ ತಂದಿಡಲಿ ಹೇಳು? ನನಗೂ ಕೈ ಕಡೀತಿತ್ತು. ಈ ಹುಡುಗಿ ಬಂದು ಕೇಳಿದಾಗ, ಇನ್ನು ಸಾಕು ಅನ್ನಿಸ್ತು."

ನಾದಿನಿ ಅಮ್ಮನ ಮಂಡಿಗೆ ತಲೆಯಾನಿಸಿ ಅತ್ತಳು. ಸೊಸೆ ಎದ್ದುಹೋಗಬೇಕೋ ಅಲ್ಲೇ ಕೂತಿರಬೇಕೋ ತಿಳಿಯದೆ ಜಾಯ್‌ಸ್ಟಿಕ್ಕಿನ ಇಲ್ಲದ ಧೂಳು ಒರೆಸುತ್ತ ಕೂತಳು. ಏಳಹೋದಾಗ ನಾದಿನಿ ಅವಳ ಸೆರಗು ಹಿಡಿದು ಜಗ್ಗಿದಳು.

"ಎಲ್ಲಿಗೆ ಹೊರಟೆ ಅತ್ತಿಗೆ? ಕೂತ್ಕೋ. ಮೊದಲು ಅಮ್ಮನ್ನ ಮುಗಿಸ್ತೀನಿ, ಆಮೇಲೆ ನೀನು."

ಅಮ್ಮನನ್ನು ಮುಗಿಸುವುದು ಅಷ್ಟು ಸುಲಭವಾಗಲಿಲ್ಲ. ಅತ್ತೆ ಕನ್ನಡಕ ಏರಿಸಿ, ತುಟಿ ಬಿಗಿಹಿಡಿದು, ಮಗಳ ಜಡೆಮಾರಿಯನ್ನು ತೆರೆಯ ಮೂಲೆಗೊತ್ತಿ ಬಡಿದರು. "ಅಯ್ಯೋ, ಸ್ವಂತ ಮಗಳು ಅಂತ ಕನಿಕರ ಬೇಡ್ವಾ?" ಎಂದು ನಾದಿನಿ ಅಳುವಿನ ನಡುವೆಯೇ ಕೂಗಿದಳು. "ಇದೆ, ಅದಕ್ಕೇ ಮೆಲ್ಲಗೆ ಹೊಡೀತಿದೀನಿ," ಎಂದರು ಅತ್ತೆ.

ಗದ್ದಲಕ್ಕೆ ಎಚ್ಚರವಾಗಿ ಹೊರಬಂದ ಸೊಸೆಯ ಗಂಡ, ತಾಯಿಯ ಕೈಯಲ್ಲಿದ್ದುದನ್ನು ಕಂಡು ಕಣ್ಣುಜ್ಜಿಕೊಂಡ. ತಿಂಡಿ ಏನು ಎಂದು ಕೇಳಿದ. ಯಾರೂ ತಿರುಗಿ ನೋಡಲಿಲ್ಲ. ಅವನೇ ಅಡುಗೆಮನೆಗೆ ಹೋಗಿ ಬ್ರೆಡ್ಡು ಸುಟ್ಟು, ಸ್ವಲ್ಪ ಕರಕಲಾಗಿಸಿ, ತಂದುಕೊಟ್ಟ. ಕಣ್ಣು ಟಿವಿಯಲ್ಲೇ ಇಟ್ಟು ಮೂವರೂ ಅದನ್ನೇ ಕಚ್ಚಿ ತಿಂದರು.