ತೆಗೆಯಲಾಗದ ಬಾಗಿಲು

ಅಕ್ಕ ಬರೆದ ಮನೆಯ ಬಾಗಿಲನ್ನು ದೇವರೇ ಬಂದರೂ ತೆಗೆಯಲಾರ ಎಂಬುದು ಆ ಗೇಮ್ ಕಂಪನಿಯ ಹಳೆಯ ತಮಾಷೆ. ಅಕ್ಕ ಎಂದರೆ ಅಲ್ಲಿನ ಹಿರಿಯ ಕಲಾವಿದೆ, ಎಲ್ಲರೂ ಕರೆಯುತ್ತಿದ್ದುದೇ ಹಾಗೆ. ಚಿತ್ರ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಆದರೆ ಬಾಗಿಲು ಬಂತೆಂದರೆ ಮುಗಿಯಿತು, ಕೀಲು ಇರುವ ಕಡೆಗೇ ಚಿಲಕವನ್ನೂ ಬರೆದುಬಿಡುತ್ತಿದ್ದರು. ಎಷ್ಟು ಹೇಳಿಕೊಂಡರೂ ಕೈ ಕೇಳುತ್ತಿರಲಿಲ್ಲ.

ತಮ್ಮ ಕೈಕೆಳಗೆ ಕೆಲಸ ಕಲಿತವನನ್ನು ಅವರು ಮರಿ ಎನ್ನುತ್ತಿದ್ದರು. ಕತ್ತೆಯಷ್ಟು ವಯಸ್ಸಾದರೂ ಮರಿಯೇ. ಈ ಗೇಮ್ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರನ್ನೇ ಉಳಿಸಿಕೊಳ್ಳುವುದು ಎಂದು ಬಾಸ್ ಹೇಳಿದಾಗ ಮರಿ ಲೆಕ್ಕ ಹಾಕಿದ. ಅಕ್ಕನ ಮುಂದೆ ತಾನೆಲ್ಲಿ? ಪೂರ್ತಿ ಕೈಯಲ್ಲೇ ಬರೆದ ಗೇಮ್ ಎಂದು ಬಾಸ್ ಊರೆಲ್ಲ ಸಾರಿದ್ದರು. ಮರಿ ಮಾತ್ರ ಅಕ್ಕನ ಹಳೆಯ ಚಿತ್ರಗಳನ್ನೆಲ್ಲ ಎಐಗೆ ಉಣ್ಣಿಸಿ, ಕೊನೆಯ ಬೀದಿಯನ್ನು ಅದರಿಂದಲೇ ಬರೆಸಿದ. ನಾನೇ ಬರೆದೆ ಎಂದ. ಕೈ ಕೆಸರಾಗದೆಯೇ ಬಾಯಿ ಮೊಸರಾಗುವುದಾದರೆ ಬೇಡ ಎನ್ನುವವರು ಯಾರು?

ಬೀದಿ ದೊಡ್ಡ ಪರದೆಯ ಮೇಲೆ ಬಂದಾಗ ಎಲ್ಲರೂ ಕಣ್ಣರಳಿಸಿದರು. ಅಕ್ಕ ಹತ್ತಿರ ಹೋಗಿ ಬಾಗಿಲುಗಳನ್ನೇ ನೋಡುತ್ತಾ ನಿಂತರು. ಎಲ್ಲದರಲ್ಲೂ ಕೀಲು, ಚಿಲಕ ಒಂದೇ ಕಡೆ! ಮರಿ ಅದನ್ನು ಗಮನಿಸಿಯೇ ಇರಲಿಲ್ಲ. ಈಗ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

ಅಕ್ಕ ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

“ನನ್ನ ತಪ್ಪನ್ನೂ ಕಲ್ತುಬಿಟ್ಟಿದ್ದೀಯಲ್ಲೋ ಮರಿ,” ಎಂದರು. ಆಮೇಲೆ ಬಾಸ್ ಕಡೆ ನೋಡಿ, “ಇವನನ್ನೇ ಇಟ್ಕೊಳ್ಳಿ. ನನಗೆ ಬೇರೆ ಕಡೆ ಎಲ್ಲಾದ್ರೂ ಸಿಗುತ್ತೆ,” ಎಂದರು.

ಚಪ್ಪಾಳೆ ಬಿತ್ತು. ಭೂಮಿ ಬಾಯ್ಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಮರಿಗೆ. ಬಾಯಿ ಬಿಡಬೇಕಾದ್ದು ಭೂಮಿಯಲ್ಲ, ತಾನು ಎಂಬುದೂ ಗೊತ್ತಿತ್ತು. ಬಿಡಲಿಲ್ಲ.

ಸಂಜೆ ಅಕ್ಕ ತಮ್ಮ ಮೇಜು ಖಾಲಿ ಮಾಡುತ್ತಾ ಒಂದು ಕಾಗದ, ಪೆನ್ಸಿಲು ಅವನ ಮುಂದಿಟ್ಟರು.

“ಒಂದು ಮನೆ ಬರ್ದು ಕೊಡು. ನೆನಪಿಗೆ ಇಟ್ಕೋತೀನಿ.”

ಮರಿ ನಾಚಿಕೆಯಿಂದ ತಲೆಯೆತ್ತದೆ ಬರೆದ. ಎರಡು ಕಿಟಕಿ, ಒಂದು ಬಾಗಿಲು. ಬಾಗಿಲಿಗೆ ಎಡಗಡೆ ಕೀಲು, ಬಲಗಡೆ ಚಿಲಕ, ಲೋಕದ ಎಲ್ಲ ಬಾಗಿಲುಗಳ ಹಾಗೆ. ಕಾಗದ ಅಕ್ಕನ ಕೈಗೆ ಹೋದ ಮೇಲೇ ಅವನಿಗೆ ಅದು ಹೊಳೆದದ್ದು.

ಅಕ್ಕ ಚಿಲಕದ ಮೇಲೆ ಬೆರಳಿಟ್ಟರು.

“ಈ ಬಾಗಿಲು ತೆಗೆಯೋಕಾಗುತ್ತೆ,” ಎಂದರು. “ನನ್ನ ಚಿತ್ರಗಳನ್ನ ಎಐಗೆ ಕೊಟ್ಯಾ?”

“ಹೂಂ.”

“ಕೇಳಿದ್ದಿದ್ರೆ ನಾನೇ ಪಕ್ಕದಲ್ಲಿ ಕೂತು ಬರೆಸ್ತಿದ್ನಲ್ಲೋ.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಇದನ್ನು ತಡೆದುಕೊಳ್ಳಲಾಗಲಿಲ್ಲ.

“ಬಾಸ್‌ಗೆ ನೀವೇ ಹೇಳ್ಬಿಡಿ ಅಕ್ಕ.”

“ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಾರೆ.”

ಚಿತ್ರವನ್ನು ಅವನ ಮೇಜಿನ ಮೇಲೇ ಬಿಟ್ಟು, ಚೀಲ ಹೆಗಲಿಗೇರಿಸಿ ಅವರು ಹೊರಟರು. ಮರಿ ಆ ಕಾಗದ ಹಿಡಿದು ಬಾಸ್ ಕೋಣೆಯ ತನಕ ನಡೆದ. ಆ ಬಾಗಿಲಿಗೂ ಕೀಲು ಒಂದು ಕಡೆ, ಚಿಲಕ ಇನ್ನೊಂದು ಕಡೆಯೇ ಇತ್ತು. ಆದರೂ ಅದನ್ನು ತೆಗೆಯಲು ಅವನಿಗೆ ತುಂಬಾ ಹೊತ್ತು ಹಿಡಿಯಿತು.