ಗಾರ್ಡ್ ಮಾವನ ಸೀಟಿಗೆ ಓಡಿಬಂದ ದೊರೆ

ನಮ್ಮ ಬೀದಿಯಲ್ಲಿ ಬೆಳಿಗ್ಗೆ ಏಳಕ್ಕೆ ಎರಡು ಸದ್ದು ಒಂದರ ಹಿಂದೊಂದು ಕೇಳುತ್ತಿದ್ದವು. ಮೊದಲನೆಯದು ಬ್ರೆಡ್ಡು ಮಾರುವ ಬೇಕರಿಯಣ್ಣನ ಸೈಕಲ್ ಬೆಲ್ಲು. ಎರಡನೆಯದು ಟೈಲರಕ್ಕನ ಕೂಗು, "ಬಾರೋ ದೊರೆ, ಬಾರೋ ಅಂದ್ರೆ". ಇದನ್ನು ಹೇಳುವ ನಾನು ಎದುರಿನ ಇಸ್ತ್ರಿ ಅಂಗಡಿಯವಳು. ಪೆಟ್ಟಿಗೆಯಲ್ಲಿ ಕೆಂಡ ಹಿಡಿಯುವವರೆಗೆ ಬೀದಿ ನೋಡುವುದು ಬಿಟ್ಟರೆ ನನಗೆ ಬೇರೆ ಕೆಲಸವಿಲ್ಲ. ಹಾಗಾಗಿ ಈ ಕತೆಯಲ್ಲಿ ಅವರಿವರಿಂದ ಕೇಳಿದ್ದು ಕಡಿಮೆ, ಕಣ್ಣಾರೆ ಕಂಡದ್ದೇ ಹೆಚ್ಚು.

ದೊರೆ ಟೈಲರಕ್ಕನ ನಾಯಿ. ಎರಡು ವರ್ಷದ ಹಿಂದೆ ಎಲ್ಲಿಂದಲೋ ಬಂದು ಅವಳ ಹೊಲಿಗೆ ಮೆಷಿನ್ನಿನ ಕೆಳಗೆ, ಬಟ್ಟೆಚೂರಿನ ರಾಶಿಯಲ್ಲಿ ಮಲಗಿದ ಮರಿ. ಅವಳ ಗಂಡ ಲಾರಿ ಓಡಿಸುವವನು, ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಮೆಷಿನ್ನು ತುಳಿಯುವ ಅವಳ ಕಾಲಿಗೆ ತಲೆ ಆನಿಸಿ ಮಲಗುವ ಜೀವ ಅಂದರೆ ಆ ನಾಯಿಯೇ. ಯಾರ ಮಾತಿಗೂ ಕಿವಿಗೊಡದೆ ತಾನು ನಡೆದದ್ದೇ ದಾರಿ ಎನ್ನುತ್ತಿದ್ದುದರಿಂದ ಬೀದಿಯವರೇ ಅದಕ್ಕೆ ದೊರೆ ಎಂದು ಹೆಸರಿಟ್ಟರು. ಚುಚ್ಚುಮದ್ದು ಹಾಕಿಸಿದ್ದಳು, ಹೊಟ್ಟೆ ತುಂಬಾ ಹಾಕುತ್ತಿದ್ದಳು, ಮುದ್ದಿಗಂತೂ ಲೆಕ್ಕವೇ ಇರಲಿಲ್ಲ. ಕಲಿಸುವುದೊಂದನ್ನು ಮಾತ್ರ ಯಾರೂ ಮಾಡಿರಲಿಲ್ಲ.

ಒಂದು ದಿನ ಗೇಟಿನ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಬೆಲ್ಲು ಕೇಳಿದ್ದೇ ತಡ ದೊರೆ ಹೊರಗೆ ಹಾರಿ ಸೈಕಲ್ಲಿನ ಮೇಲೆ ಬಿದ್ದ. ಬೇಕರಿಯಣ್ಣ, ಸೈಕಲ್ಲು, ಬ್ರೆಡ್ಡಿನ ಡಬ್ಬ, ಮೂರೂ ಚರಂಡಿಯ ಅಂಚಿಗೆ ಉರುಳಿದವು. ನಾಯಿ ಕಚ್ಚಲಿಲ್ಲ, ಆದರೆ ಅಣ್ಣನ ಮೊಣಕಾಲು ಕುಂಬಳಕಾಯಿಯ ಹಾಗೆ ಊದಿತು. ಆತ ಜಗಳಗಂಟನಲ್ಲ. ಮಾರನೇ ದಿನ ಕುಂಟುತ್ತಾ ಬಂದು, ಮಡಚಿದ ಒಂದು ಕಾಗದವನ್ನು ಜೇಬಿನಿಂದ ತೆಗೆದು ತೋರಿಸಿದ. ನಾಯಿಯನ್ನು ಬೀದಿಯಿಂದ ಸಾಗಿಸಬೇಕೆಂದು ನಗರಸಭೆಗೆ ಬರೆದ ಅರ್ಜಿ. ಇನ್ನೊಂದು ಸಲ ಹೀಗಾದರೆ ಅದನ್ನು ಕೊಟ್ಟೇ ಕೊಡುತ್ತೇನೆ ಎಂದು ಹೇಳಿ ಹೋದ.

ಅರ್ಜಿಗಿಂತ ಮುಂಚೆಯೇ ತೀರ್ಪು ಬಂತು. ಟೈಲರಕ್ಕನ ಮಾವ ಮೂವತ್ತನಾಲ್ಕು ವರ್ಷ ರೈಲಿನಲ್ಲಿ ಗಾರ್ಡ್ ಆಗಿದ್ದವರು. ಬೀದಿಗೆಲ್ಲ ಅವರು ಗಾರ್ಡ್ ಮಾವ. ನಿಮಿಷ ತಪ್ಪಿದರೆ ಸಹಿಸುವವರಲ್ಲ, ಊಟ ತಡವಾದರೆ ಗಡಿಯಾರದ ಕಡೆ ನೋಡುವವರು. ಎರಡು ತಿಂಗಳು ಗಡುವು, ಅಷ್ಟರೊಳಗೆ ನಾಯಿ ಹದ್ದುಬಸ್ತಿಗೆ ಬಾರದಿದ್ದರೆ ಊರಾಚೆಯ ಕಲ್ಲುಗಣಿಯ ಕಾವಲಿಗೆ ಕೊಟ್ಟುಬಿಡುವುದು ಎಂದರು. ಆ ಗಣಿಯ ನಾಯಿಗಳನ್ನು ನಾನು ನೋಡಿದ್ದೇನೆ. ಒಂದು ಗೂಟ, ಒಂದು ಸರಪಳಿ, ಸಾಯುವತನಕ ಅಷ್ಟೇ. ಟೈಲರಕ್ಕ ಆ ದಿನ ಒಂದು ಕುಪ್ಪಸಕ್ಕೆ ಎರಡು ಸಲ ತೋಳು ತಿರುಗಾಮುರುಗಾ ಹೊಲಿದಳು.

ಆಗ ಬಂದವಳು ಪೋಸ್ಟಕ್ಕ. ಹದಿನೆಂಟು ವರ್ಷದಿಂದ ಸೈಕಲ್ಲಿನಲ್ಲಿ ಟಪಾಲು ಹಂಚುವವಳು, ಟೈಲರಕ್ಕನ ಗೆಳತಿ. ಅವಳ ಎಡಗಾಲಿನ ಮೀನಖಂಡದಲ್ಲಿ ಎರಡು ನಾಯಿಕಡಿತದ ಗುರುತುಗಳಿವೆ. ಕಚ್ಚಿಸಿಕೊಂಡು ಸಾಕಾಗಿ, ನಾಯಿಗಳ ಮನಸ್ಸು ತಿಳಿಯೋಣ ಎಂದು ಪಶು ಆಸ್ಪತ್ರೆಯವರು ಭಾನುವಾರ ಭಾನುವಾರ ಫುಟ್‌ಬಾಲ್ ಮೈದಾನದಲ್ಲಿ ನಡೆಸುವ ನಾಯಿ ತರಬೇತಿಗೆ ಸೇರಿದ್ದಳು. ಈಗ ಅವಳದೇ ಒಂದು ಹೆಣ್ಣುನಾಯಿ ಅಡೆತಡೆ ಓಟದಲ್ಲಿ ಕಂಬಗಳ ನಡುವೆ ನುಸುಳಿ, ಡ್ರಮ್ಮುಗಳ ಸುರಂಗ ಹೊಕ್ಕು, ಹಲಗೆ ಹತ್ತಿ ಇಳಿದು ಬರುತ್ತದೆ.

ಗಾರ್ಡ್ ಮಾವ ಇದನ್ನೆಲ್ಲ ಕೇಳಿ ಮೂಗು ಮುರಿದರು. ನಾಯಿ ಬಾಲಕ್ಕೆ ನಳಿಗೆ ಕಟ್ಟಿದರೂ ಡೊಂಕು ಡೊಂಕೇ, ಅದಕ್ಕೆ ದಂಡಂ ದಶಗುಣಂ ಒಂದೇ ಮದ್ದು ಎಂದು ಕೋಲು ತೋರಿಸಿದರು.

"ಬಾಲ ಡೊಂಕಾಗೇ ಇರ್ಲಿ ಬಿಡಿ ಗಾರ್ಡ್ ಸಾಹೇಬ್ರೆ, ಅದರಿಂದ ಯಾರಿಗೂ ತೊಂದ್ರೆ ಇಲ್ಲ" ಎಂದಳು ಪೋಸ್ಟಕ್ಕ. ಆಮೇಲೆ ಗೆಳತಿಯ ಕಡೆ ತಿರುಗಿ, "ನೀನು 'ಬಾ' ಅಂತ ಕರೆದು, ಅವನು ಬಂದ ಮೇಲೆ ಏನ್ ಮಾಡ್ತೀಯ ಹೇಳು" ಎಂದು ಕೇಳಿದಳು.

ಟೈಲರಕ್ಕ ಯೋಚಿಸಿದಳು. ಕಟ್ಟಿಹಾಕುತ್ತೇನೆ, ಇಲ್ಲವಾದರೆ ಸ್ನಾನ ಮಾಡಿಸುತ್ತೇನೆ ಎಂದಳು. ಮಾವ ಕರೆದರೆ ಬೆನ್ನಿಗೆ ಎರಡು ಏಟು ಬೀಳುತ್ತವೆ ಎಂಬುದನ್ನು ಮೆಲ್ಲಗೆ ಸೇರಿಸಿದಳು.

"ಹಾಗಾದ್ರೆ 'ಬಾ' ಅಂದ್ರೆ ಅವನಿಗೆ ಸರಪಳಿ, ಸೋಪು, ಕೋಲು. ಅವನ ಜಾಗದಲ್ಲಿ ನಾನಿದ್ರೂ ಬರ್ತಿರ್ಲಿಲ್ಲ ಕಣೇ. ಆ ಮಾತು ಕೆಟ್ಟುಹೋಗಿದೆ, ಬಿಟ್ಟುಬಿಡು. ಬೇರೆ ಕರೆ ಹುಡುಕೋಣ. ಕೇಳಿ ಬಂದ್ರೆ ಒಳ್ಳೇದೇ ಆಗತ್ತೆ ಅಂತ ಅವನಿಗೆ ಖಾತ್ರಿ ಆಗಬೇಕು."

ಯಾವ ಕರೆ ಎಂದು ಇಬ್ಬರೂ ಯೋಚಿಸುತ್ತಿದ್ದಾಗ ಪೋಸ್ಟಕ್ಕನ ಕಣ್ಣು ಗೋಡೆಯ ಮೊಳೆಯ ಮೇಲೆ ಬಿತ್ತು. ಅಲ್ಲಿ ಗಾರ್ಡ್ ಮಾವನ ಹಿತ್ತಾಳೆ ಸೀಟಿ, ಪಕ್ಕದಲ್ಲಿ ಮಡಚಿಟ್ಟ ಹಸಿರು ಬಾವುಟ. ಮನುಷ್ಯರ ದನಿ ಒಂದೊಂದು ಹೊತ್ತಿಗೆ ಒಂದೊಂದು ಥರ, ಸೀಟಿಗೆ ಸಿಟ್ಟು ಬರುವುದಿಲ್ಲ, ದೂರಕ್ಕೂ ಕೇಳುತ್ತದೆ ಎಂದಳು. ಮೂವತ್ತನಾಲ್ಕು ವರ್ಷ ರೈಲು ಹೊರಡಿಸಿದ ಸೀಟಿಯನ್ನು ನಾಯಿಗೆ ಊದುವುದೇ ಎಂದು ಮಾವ ಕೆಂಡವಾದರು. ಸರಿ, ನಾನೇ ಊದುತ್ತೇನೆ ಕೊಡಿ ಎಂದು ಸೊಸೆ ಕೈ ಚಾಚಿದಳು. ಅವಳು ಊದಿದ್ದು ಕುಕ್ಕರಿನ ಗಾಸ್ಕೆಟ್ಟು ಹೋದಾಗಿನ ಸದ್ದಿನ ಹಾಗೆ ಬುಸ್ ಎಂದಿತು. ಮಾವನಿಗೆ ತಡೆಯಲಾಗಲಿಲ್ಲ. ಕಿತ್ತುಕೊಂಡು, ಹೀಗೆ ಊದಬೇಕು ಎಂದು ಒಂದು ಊದಿದರು. ಪಡಸಾಲೆ ನಡುಗಿತು. ದೊರೆ ಮೆಷಿನ್ನಿನ ಕೆಳಗಿನಿಂದ ಎದ್ದು, ಇದೇನಪ್ಪಾ ಎಂದು ನೋಡಲು ಬಂದ. ಪೋಸ್ಟಕ್ಕ ಚಕ್ಕನೆ ಅವನ ಬಾಯಿಗೆ ಬೇಯಿಸಿದ ಮೊಟ್ಟೆಯ ಒಂದು ಚೂರು ಹಾಕಿದಳು. ಅಲ್ಲಿಗೆ ಗಾರ್ಡ್ ಮಾವನಿಗೆ ತಿಳಿಯದ ಹಾಗೆ ಅವರ ಕೆಲಸ ಶುರುವಾಗಿತ್ತು.

ಆಮೇಲೆ ದಿನಕ್ಕೆ ಎರಡು ಸಲ, ಸಲಕ್ಕೆ ಐದೇ ನಿಮಿಷ. ಮೊದಲು ಮನೆಯೊಳಗೆ, ನಾಲ್ಕು ಹೆಜ್ಜೆ ದೂರದಿಂದ. ಒಂದು ಸೀಟಿ, ಬಂದ ಕ್ಷಣಕ್ಕೆ ಒಂದು ಚೂರು ಮೊಟ್ಟೆ, ಒಂದು ಶಭಾಷ್. ತಡಮಾಡಿ ಕೊಟ್ಟರೆ ಏತಕ್ಕೆ ಕೊಟ್ಟರೆಂದು ನಾಯಿಗೆ ತಿಳಿಯುವುದಿಲ್ಲ ಎಂದು ಪೋಸ್ಟಕ್ಕ ಎಚ್ಚರಿಸಿದ್ದಳು. ಹೊತ್ತಿನ ವಿಷಯದಲ್ಲಿ ಗಾರ್ಡ್ ಮಾವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ವಾರ ಕಳೆದ ಮೇಲೆ ಅಂಗಳದಲ್ಲಿ, ಆಮೇಲೆ ಉದ್ದ ಹಗ್ಗ ಕಟ್ಟಿಕೊಂಡು ಮೈದಾನದಲ್ಲಿ. ದೊರೆ ಅಲ್ಲಿ ಕೂರುವುದನ್ನೂ ಕಾಯುವುದನ್ನೂ ಕಲಿತ, ಡ್ರಮ್ಮಿನ ಸುರಂಗ ಹೊಕ್ಕು ಬಾಲವಾಡಿಸುತ್ತಾ ಹೊರಬಂದ. ಎತ್ತರದ ಕೋಲು ಹಾರಿಸೋಣ ಎಂದು ಮಾವನಿಗೇ ಆತುರ. ಬಲಿಯದ ಮರಿಗಳನ್ನು ಹಾರಿಸಲೇಬಾರದು, ಬೆಳೆದ ನಾಯಿಗೂ ಮೊದಲು ಪಾದದೆತ್ತರ ಸಾಕು ಎಂದು ಆಸ್ಪತ್ರೆಯ ಡಾಕ್ಟರು ತಡೆದರು.

ಎಲ್ಲ ಸರಾಗ ಎನ್ನುವಷ್ಟರಲ್ಲಿ ಎಡವಟ್ಟಾಯಿತು. ಗಡುವಿಗೆ ಇನ್ನು ಮೂರು ವಾರವಿತ್ತು. ಒಂದು ಮಧ್ಯಾಹ್ನ ಗೋಡೆಯ ಮೇಲೆ ಹಸಿರು ಬಾವುಟ ಕಾಣಲಿಲ್ಲ. ಮಾವ ಅಂಗಳಕ್ಕೆ ಬಂದು ಸೀಟಿ ಊದಿದರು. ದೊರೆ ಮೂಲೆಯಿಂದ ಓಡಿಬಂದ, ಬಾಯಲ್ಲಿ ಬಾವುಟದ ಅರ್ಧ. ಬಂದು, ಕಲಿಸಿದ ಹಾಗೇ ಎದುರಿಗೆ ಕೂತ, ಮೊಟ್ಟೆಗಾಗಿ ಮುಖ ನೋಡಿದ. ಮಾವ ಕೋಲು ಎತ್ತಿ ಬೆನ್ನಿಗೆ ಎರಡು ಬಾರಿಸಿದರು. ನನ್ನ ಇಸ್ತ್ರಿ ಪೆಟ್ಟಿಗೆಯ ಕೆಳಗಿದ್ದ ಅಂಗಿ ಸೀದುಹೋಯಿತು, ಅಷ್ಟು ಸಂಕಟವಾಯಿತು ನನಗೆ.

ಮರುದಿನ ಸೀಟಿ ಊದಿದರೆ ದೊರೆ ಮೆಷಿನ್ನಿನ ಕೆಳಗೆ ಹೋಗಿ ಗೋಡೆಗೆ ಅಂಟಿಕೊಂಡ. ಅದರ ಮರುದಿನವೂ ಅಷ್ಟೇ. ಪೋಸ್ಟಕ್ಕ ಬಂದಾಗ ಮಾವ ತಾವಾಗಿಯೇ ನಡೆದದ್ದು ಹೇಳಿದರು. ಅವಳು ಬೈಯಲಿಲ್ಲ.

"ನೀವು ಹೊಡೆದದ್ದು ಬಾವುಟ ಹರಿದದ್ದಕ್ಕೆ. ಅವನಿಗೆ ಗೊತ್ತಾಗಿದ್ದು ಕರೆದಾಗ ಬಂದದ್ದಕ್ಕೆ ಹೊಡೆದ್ರು ಅಂತ. ಹಸಿರು ಬಾವುಟ ತೋರಿಸಿ ಹಳಿ ಕಿತ್ತ ಹಾಗಾಯ್ತು, ಸಾಹೇಬ್ರೆ."

ಆ ಮಾತು ನಾಟಿತು. ಗಾರ್ಡ್ ಮಾವ ಎದ್ದು, ಕೋಲನ್ನು ತಂದು ನನ್ನ ಅಂಗಡಿಯ ಒಲೆಯ ಪಕ್ಕದ ಸೌದೆಗೆ ಹಾಕಿದರು. ಅಂದು ಸಂಜೆ ಆ ಉದ್ದನೆಯ ಮನುಷ್ಯ ಪಡಸಾಲೆಯ ನೆಲದ ಮೇಲೆ ಕೂತು, ಅಂಗೈಯಲ್ಲಿ ಮೊಟ್ಟೆ ಇಟ್ಟುಕೊಂಡು, ಮೆಷಿನ್ನಿನ ಕೆಳಗಿನ ನಾಯಿಯನ್ನು ಕಾಯುತ್ತಿದ್ದುದು ಕಿಟಕಿಯಲ್ಲಿ ಕಂಡಿತು. ಎರಡು ಹೆಜ್ಜೆ ದೂರದಿಂದ, ಮೆಲ್ಲಗೆ ಊದಿ, ಅವರು ಎಲ್ಲವನ್ನೂ ಮೊದಲಿನಿಂದ ಶುರುಮಾಡಿದರು. ದೊರೆಯ ಭಯ ಬಿಡಿಸಲು ಹದಿನೊಂದು ದಿನ ಹಿಡಿಯಿತು.

ಗಡುವಿನ ಕೊನೆಯ ಭಾನುವಾರ ಮೈದಾನದಲ್ಲಿ ವರ್ಷದ ನಾಯಿಕ್ರೀಡೆ. ಅದರಲ್ಲಿ ಒಂದು ಪಂದ್ಯ ಹೀಗೆ: ಮೈದಾನದ ಆ ತುದಿಯಲ್ಲಿ ನಾಯಿಯನ್ನು ಕೂರಿಸಿ, ಈ ತುದಿಯಿಂದ ಕರೆಯಬೇಕು. ನಡುವೆ ನಾಯಿಯ ಮನಸ್ಸು ಸೆಳೆಯುವ ಏನಾದರೊಂದು ಇಡುತ್ತಾರೆ. ಪೋಸ್ಟಕ್ಕ ಹೋಗಿ ಬೇಕರಿಯಣ್ಣನನ್ನು ಕೇಳಿದಳು. ಇಷ್ಟು ದಿನ ಅವಳ ಸೈಕಲ್ಲಿನ ಬೆಲ್ಲು ಕೇಳಿದರೂ ನುಗ್ಗದ ಹಾಗೆ ದೊರೆಗೆ ಅಭ್ಯಾಸ ಮಾಡಿಸಿದ್ದರು, ಆದರೆ ಬ್ರೆಡ್ಡಿನ ವಾಸನೆಯ ಸೈಕಲ್ಲಿನ ಮಾತೇ ಬೇರೆ. ಬೇಕರಿಯಣ್ಣ ಒಪ್ಪಿದ. ದೊರೆ ನನ್ನ ಸೈಕಲ್ಲಿನ ಮುಂದೆಯೇ ಹಾದು ಸರಿಯಾಗಿ ಹೋದರೆ ಅರ್ಜಿ ಹರಿಯುತ್ತೇನೆ, ಇಲ್ಲದಿದ್ದರೆ ಸೋಮವಾರ ಕೊಡುತ್ತೇನೆ ಎಂದ. ಅದು ನ್ಯಾಯವೆಂದು ಗಾರ್ಡ್ ಮಾವನೇ ತಲೆಯಾಡಿಸಿದರು.

ಶನಿವಾರ ಅವರು ತಮ್ಮ ಹಳೆಯ ಬಿಳಿ ಯೂನಿಫಾರ್ಮ್ ತಂದು ಇಸ್ತ್ರಿಗೆ ಕೊಟ್ಟರು. ನೆರಿಗೆ ಕತ್ತಿಯ ಹಾಗೆ ಕೂರಬೇಕು ಎಂದು ಹೇಳಿದರು. ನನ್ನ ಕೈಯಲ್ಲಿ ಇದುವರೆಗೆ ಅಂಥ ಇಸ್ತ್ರಿ ಬಿದ್ದಿಲ್ಲ.

ಹನ್ನೊಂದು ನಾಯಿಗಳಲ್ಲಿ ದೊರೆಯದು ಒಂಬತ್ತನೆಯ ಸರದಿ. ಟೈಲರಕ್ಕ ಅವನನ್ನು ಆ ತುದಿಯಲ್ಲಿ ಕೂರಿಸಿ ಪಕ್ಕಕ್ಕೆ ಸರಿದಳು. ಅವಳ ಕೈ ಸೆರಗಿನ ತುದಿಯನ್ನು ಸುತ್ತಿ ಸುತ್ತಿ ಹಗ್ಗ ಮಾಡಿತ್ತು. ಈ ತುದಿಯಲ್ಲಿ ಗಾರ್ಡ್ ಮಾವ ಕಂಬದ ಹಾಗೆ ನಿಂತು ಸೀಟಿ ಊದಿದರು. ದೊರೆ ಬಿಟ್ಟ ಬಾಣದಂತೆ ಹೊರಟ.

ಅರ್ಧ ದಾರಿಯಲ್ಲಿ ಬೇಕರಿಯಣ್ಣ ಅಡ್ಡಲಾಗಿ ಸೈಕಲ್ ಬಿಟ್ಟ. ಟ್ರಿಣ್ ಟ್ರಿಣ್ ಎಂದಿತು ಬೆಲ್ಲು. ದೊರೆ ನಿಂತ. ತಲೆ ಸೈಕಲ್ಲಿನ ಕಡೆ ತಿರುಗಿತು. ಒಂದು ಹೆಜ್ಜೆ ಅತ್ತ ಇಟ್ಟ, ಇನ್ನೊಂದು ಇಟ್ಟ. ಗಾರ್ಡ್ ಮಾವನ ಮುಖ ಕೆಂಪಾಯಿತು, ಬಲಗೈ ಮುಷ್ಟಿಯಾಯಿತು. ಇನ್ನೇನು ಗದರಿಬಿಡುತ್ತಾರೆ ಎಂದುಕೊಂಡೆ.

ಅವರು ಗದರಲಿಲ್ಲ. ಪೋಸ್ಟಕ್ಕ ಹೇಳಿದ್ದಳು, ನಾಯಿ ಅನುಮಾನಿಸಿದರೆ ಅದರ ಕಡೆ ನುಗ್ಗಬೇಡಿ, ಹಿಂದಕ್ಕೆ ಓಡಿ, ಆಟವೆಂದು ಅದೇ ಬೆನ್ನು ಹತ್ತುತ್ತದೆ ಎಂದು. ರೈಲು ತಪ್ಪಿದ ಮಂತ್ರಿಗೂ ಬಗ್ಗದ ಮನುಷ್ಯ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಕತ್ತಿ ನೆರಿಗೆಯ ಯೂನಿಫಾರ್ಮಿನಲ್ಲಿ, ತೋಳು ಎರಡೂ ಅಗಲಿಸಿಕೊಂಡು ಹಿಂದಹಿಂದಕ್ಕೆ ಓಡತೊಡಗಿದರು. ಟೋಪಿ ಬಿತ್ತು, ಎತ್ತಿಕೊಳ್ಳಲಿಲ್ಲ. ಎರಡನೇ ಸೀಟಿ ಊದಿದರು. ಮೊದಲನೆಯದಕ್ಕೂ ಅದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ದೊರೆ ಸೈಕಲ್ಲನ್ನು ನೋಡಿದ, ಮಾವನನ್ನು ನೋಡಿದ. ಆಮೇಲೆ ಕಿವಿ ಹಿಂದಕ್ಕೆ ಮಡಚಿ ಓಡಿದ ನೋಡಿ, ಬೇಕರಿಯಣ್ಣನ ಮುಂದಿನ ಚಕ್ರಕ್ಕೆ ಧೂಳು ಹಾರಿಸಿ, ನೇರ ಬಂದು ಮಾವನ ಎದೆಗೇ ಹಾರಿದ. ಇಬ್ಬರೂ ನೆಲಕ್ಕೆ ಬಿದ್ದರು. ಬಿದ್ದಲ್ಲೇ ಗಾರ್ಡ್ ಮಾವ ಜೇಬಿನಲ್ಲಿದ್ದ ಮೊಟ್ಟೆಯನ್ನೆಲ್ಲ ಅವನ ಬಾಯಿಗೆ ಸುರಿದು, ಇಡೀ ಮೈದಾನಕ್ಕೆ ಕೇಳುವಂತೆ ಶಭಾಷ್ ಎಂದರು. ನನ್ನ ಇಸ್ತ್ರಿ ಮಣ್ಣುಪಾಲಾಯಿತು. ಅಷ್ಟು ಸಂತೋಷದಿಂದ ನಾನು ಎಂದೂ ಚಪ್ಪಾಳೆ ತಟ್ಟಿಲ್ಲ.

ಹನ್ನೊಂದರಲ್ಲಿ ನಾಲ್ಕೇ ನಾಯಿಗಳು ಕೊನೆಮುಟ್ಟಿದ್ದು. ಎರಡು ಸಲ ಕರೆದದ್ದರಿಂದ ದೊರೆಗೆ ಮೂರನೇ ಬಹುಮಾನ, ಅಂಗೈಯಗಲದ ಒಂದು ಕಪ್ಪು. ಟೈಲರಕ್ಕ ಅಳುತ್ತಾ ನಗುತ್ತಾ ನಾಯಿಯ ಕುತ್ತಿಗೆ ಬಿಡಲೇ ಇಲ್ಲ. ಬೇಕರಿಯಣ್ಣ ಸೈಕಲ್ಲು ನಿಲ್ಲಿಸಿ ಬಂದು, ಅರ್ಜಿಯನ್ನು ನಾಲ್ಕು ಚೂರು ಮಾಡಿ ಗಾರ್ಡ್ ಮಾವನ ಕೈಗಿತ್ತ. ಅವರು ಮಣ್ಣು ಕೊಡವಿಕೊಳ್ಳುತ್ತಾ ಸೊಸೆಗೆ ಒಂದೇ ಮಾತು ಹೇಳಿದರು.

"ನಾಯಿ ಎರಡು ತಿಂಗಳಲ್ಲಿ ಕಲೀತಮ್ಮ. ನಾನು ಕಲಿಯೋಕೇ ತಡ ಆಯ್ತು."

ಈಗಲೂ ಬೆಳಿಗ್ಗೆ ಏಳಕ್ಕೆ ಬೆಲ್ಲು ಕೇಳುತ್ತದೆ. ಟೈಲರಕ್ಕನ ಗೇಟು ತೆರೆದಿರುತ್ತದೆ, ಗೇಟಿನ ಒಳಗೆ ದೊರೆ ಕೂತಿರುತ್ತಾನೆ, ಪಕ್ಕದಲ್ಲಿ ಸೀಟಿ ಹಿಡಿದ ಗಾರ್ಡ್ ಮಾವ. ಬೇಕರಿಯಣ್ಣ ಇಳಿದು ಅವನ ತಲೆ ಸವರಿ ಹೋಗುತ್ತಾನೆ. ಬೀದಿಯ ಇನ್ನೂ ಐದು ಮನೆಯವರು ಭಾನುವಾರ ಮೈದಾನಕ್ಕೆ ನಾಯಿ ಕರೆದುಕೊಂಡು ಹೋಗತೊಡಗಿದ್ದಾರೆ.

ನಿಮ್ಮ ಮನೆಯಲ್ಲೂ ಒಬ್ಬ ದೊರೆ ಇರಬಹುದು. ಚುಚ್ಚುಮದ್ದು ಹಾಕಿಸಿದ್ದೀರಿ, ಅನ್ನ ಹಾಕುತ್ತೀರಿ, ಒಳ್ಳೆಯದು. ಇನ್ನು ದಿನಕ್ಕೆ ಹತ್ತು ನಿಮಿಷ ಕೊಡಿ. ಕರೆಯಲು ಒಂದೇ ಕರೆ ಇಟ್ಟುಕೊಳ್ಳಿ, ಮನೆಯವರೆಲ್ಲ ಅದನ್ನೇ ಬಳಸಿ. ಹತ್ತಿರದ ಪಶು ಆಸ್ಪತ್ರೆಯಲ್ಲಿ ತರಬೇತಿಯ ಬಗ್ಗೆ ವಿಚಾರಿಸಿ. ಇವತ್ತು ಸಂಜೆಯೇ ಒಮ್ಮೆ ನಿಮ್ಮ ನಾಯಿಯನ್ನು ಕರೆದು ನೋಡಿ. ಅದು ತಡವಾಗಿ ಬರಬಹುದು, ನಿಮ್ಮ ಚಪ್ಪಲಿ ಕಚ್ಚಿಕೊಂಡೇ ಬರಬಹುದು. ಬಂತಲ್ಲ, ಶಭಾಷ್ ಅನ್ನಿ.