ಎಸೆದದ್ದಲ್ಲ, ಇಟ್ಟದ್ದು

ಹೊರಗಿನ ಕಂಪನಿಯವರು ಕೇಳಿದ್ದು ಒಂದು ಹೊಸ ಲಿಫ್ಟಿನ ಬೆಲೆ. ಅದೂ ಮೂರು ಕಡೆ ಕನ್ನಡಿ ಇರುವ, ಒಳಗೆ ಹಾಡು ಬರುವ ಲಿಫ್ಟು. ಅಷ್ಟು ಕೊಟ್ಟರೆ ಕಚೇರಿಯ ಮೇಲ್ ಸರ್ವರನ್ನು ಹಳೆಯ ಆವೃತ್ತಿಯಿಂದ ಹೊಸದಕ್ಕೆ ದಾಟಿಸಿಕೊಡುತ್ತೇವೆ, ಆಮೇಲೆ ವರ್ಷ ವರ್ಷ ನೋಡಿಕೊಳ್ಳುವುದಕ್ಕೆ ಅದರ ಕಾಲುಭಾಗ ಬೇರೆ, ಎಂದು ಬಣ್ಣಬಣ್ಣದ ಅಕ್ಷರದಲ್ಲಿ ಬರೆದು ಕಳಿಸಿದ್ದರು. ಅದೇ ಕೆಲಸವನ್ನು ಅಂಚೆಯಕ್ಕ ಮಾಡಿದರೆ ಬೇಕಾದದ್ದು ಒಂದು ಹೊಸ ಯಂತ್ರ, ಅದಕ್ಕೆರಡು ಡಿಸ್ಕು, ಅವಳದೊಂದು ಭಾನುವಾರ, ಒಂದು ಫ್ಲಾಸ್ಕ್ ಟೀ. ಎಲ್ಲ ಸೇರಿಸಿದರೂ ಲಿಫ್ಟಿನ ಬಾಗಿಲಿನ ಬೆಲೆ ಆಗುತ್ತಿರಲಿಲ್ಲ. ಅದು ಲಿಫ್ಟು ಕೂರಿಸಿ ರಿಪೇರಿ ಮಾಡುವ ಕಚೇರಿ. ಅಲ್ಲಿ ಬೇರೆ ಯಾವ ಅಳತೆಯಲ್ಲಿ ಹೇಳಿದರೂ ಯಾರ ತಲೆಗೂ ಹೋಗುವುದಿಲ್ಲ.

ಇಡೀ ಕಚೇರಿಯ ಮೇಲ್ ನೋಡಿಕೊಳ್ಳುವವಳು ಎಂದು ಅವಳಿಗೆ ಅಂಚೆಯಕ್ಕ ಎಂಬ ಹೆಸರು ಬಿದ್ದಿತ್ತು. ಅವಳು ಅಲ್ಲಿ ಸೇರಿದ್ದು ಫೋನ್ ಎತ್ತುವ ಕುರ್ಚಿಗೆ. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಬೈಗುಳವೆಲ್ಲ ಮೊದಲು ಬಂದು ಬೀಳುವುದು ಆ ಕುರ್ಚಿಗೇ. ಬೈಸಿಕೊಳ್ಳುತ್ತಲೇ ಪಕ್ಕದಲ್ಲಿದ್ದ ಕಂಪ್ಯೂಟರನ್ನು ಬಿಚ್ಚಿ ಜೋಡಿಸುವುದು ಕಲಿತಳು. ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ಹಳೆಯ ಸಿಸ್ಟಮ್ ಅಣ್ಣ ಕೆಲಸ ಬಿಟ್ಟು ಹೋದಾಗ ಅವನ ಜಾಗ ಇವಳಿಗೆ ಬಂತು. ಜಾಗವೆಂದರೆ ಹಿಂದೆ ಪೊರಕೆ, ಬಕೆಟ್ಟು ಇಡುತ್ತಿದ್ದ ಕಿಟಕಿಯಿಲ್ಲದ ಕೋಣೆ. ಅವಳಿಗೆ ಅದು ಅರಮನೆಯಾಗಿತ್ತು.

ಹಳೆಯ ಸರ್ವರಿಗೆ ಇನ್ನು ರಿಪೇರಿ ಇಲ್ಲವೆಂದು ಅದನ್ನು ಮಾಡಿದವರೇ ಕೈತೊಳೆದುಕೊಂಡಿದ್ದರು. ಗಿರಾಕಿಗಳಲ್ಲಿ ಕೆಲವರ ಕಚೇರಿಗಳು ಇವರ ಮೇಲ್‌ಗಳನ್ನು ನಂಬಲಾಗದವು ಎಂದು ಬಾಗಿಲಲ್ಲೇ ತಡೆದು ಹಿಂದಕ್ಕೆ ಕಳಿಸಲು ಶುರು ಮಾಡಿದ್ದವು. ಬದಲಾಯಿಸದೆ ಗತಿಯಿರಲಿಲ್ಲ.

"ಭಾನುವಾರ ಮುಗಿಸ್ತೀನಿ ಸಾರ್. ಸೋಮವಾರ ಬಂದು ಕೂತವರಿಗೆ ಬದಲಾಗಿದ್ದೇ ಗೊತ್ತಾಗಬಾರದು, ಹಾಗೆ," ಎಂದಳು ಯಜಮಾನರ ಮುಂದೆ ನಿಂತು.

"ಒಂದೇ ಒಂದು ಮೇಲ್ ಕಾಣೆಯಾದ್ರೂ?"

"ಆಗಲ್ಲ ಸಾರ್."

"ಆದ್ರೆ ಅಂತ ಕೇಳಿದೆ."

"ಆದ್ರೆ ನೀವು ಹೇಳಿದ ಹಾಗೆ."

ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆದ್ರೆ ಕೆಲಸ ಹೊರಗಿನವರಿಗೆ ಹೋಗುತ್ತೆ. ನಿಮಗೆ ಫೋನ್ ಎತ್ತೋ ಕುರ್ಚಿ ಇದ್ದೇ ಇದೆ. ಬೇಜಾರು ಮಾಡ್ಕೋಬೇಡಿ, ಮೊದಲೇ ಹೇಳಿದ್ರೆ ಒಳ್ಳೇದು."

ಬೇಜಾರೇನೂ ಮಾಡಿಕೊಳ್ಳಲಿಲ್ಲ. ಆದರೆ ಪೊರಕೆ ಕೋಣೆಗೆ ವಾಪಸಾಗುವಾಗ ಆ ಕುರ್ಚಿಯ ಕಡೆ ತಿರುಗಿಯೂ ನೋಡಲಿಲ್ಲ.

ಆ ವಾರವೇ ಒಂದು ಸಲ ಪರೀಕ್ಷೆಗೆಂದು ಎಲ್ಲವನ್ನೂ ಹೊಸ ಯಂತ್ರಕ್ಕೆ ನಕಲು ಮಾಡಿ ನೋಡಿದಳು. ಎಲ್ಲ ಬಂದಿದೆ, ಯಾವ ತೊಂದರೆಯೂ ಇಲ್ಲ ಎಂದು ಪರದೆ ಹಸಿರು ಬಣ್ಣದಲ್ಲಿ ಹೇಳಿತು. ಇನ್ನೊಬ್ಬರಾಗಿದ್ದರೆ ಮನೆಗೆ ಹೋಗಿ ಕಾಲು ಚಾಚುತ್ತಿದ್ದರು. ಇವಳಿಗೆ ಮಾತ್ರ ಉಗ್ರಾಣದಣ್ಣನ ಮೇಲ್ ಪೆಟ್ಟಿಗೆ ನೋಡಿ ಎಲ್ಲೋ ಎಡವಟ್ಟಾಗಿದೆ ಅನ್ನಿಸಿತು. ಬಿಡಿಭಾಗಗಳ ಉಗ್ರಾಣ ನೋಡಿಕೊಳ್ಳುವ ಆ ಮನುಷ್ಯನಿಗೆ ದಿನವಿಡೀ ಮೇಲ್ ಬರುತ್ತಿತ್ತು. ಒಂದು ಬೋಲ್ಟಿಗೂ ನಾಲ್ಕು ಸಲ ಬರೆಯುವ ಜಾಯಮಾನ. ಅಂಥವನ ಪೆಟ್ಟಿಗೆ ಹೊಸ ಯಂತ್ರದಲ್ಲಿ ಒಣಗಿದ ಸೋರೆಬುರುಡೆಯಂತೆ ಹಗುರಾಗಿತ್ತು.

ಎದ್ದು ಅವನ ಮೇಜಿಗೆ ಹೋದಳು. ಅವನು ಒಂದು ಮೇಲ್ ಓದುತ್ತಿದ್ದ. ಯಾವುದೋ ಮೋಟರಿನ ನಕ್ಷೆ. ಗಮನವಿಟ್ಟು ನೋಡಿದ, ತಲೆದೂಗಿದ, ಎಳೆದು ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಗೆ ಹಾಕಿದ.

"ಯಾಕಣ್ಣ ಅದನ್ನ ಎಸೆದ್ರಿ?"

"ಎಸೆದಿಲ್ಲವಲ್ಲಮ್ಮ. ಇಟ್ಟೆ."

"ಕಸದ ಬುಟ್ಟೀಲಿ?"

"ಮತ್ತೆ ಇನ್ನೆಲ್ಲಿ ಇಡ್ಲಿ? ನಮ್ಮ ಹಳೇ ಸಿಸ್ಟಮ್ ಅಣ್ಣ ಹೇಳಿಕೊಟ್ಟಿದ್ದು. ಪೆಟ್ಟಿಗೆ ತುಂಬಿದೆ ಅಂತ ಅದು ಕಿರುಚಿದಾಗೆಲ್ಲ ಕಸದ ಬುಟ್ಟಿಗೆ ಸರಿಸಿ, ಅಲ್ಲಿಂದು ಲೆಕ್ಕಕ್ಕೆ ಬರಲ್ಲ, ಯಾರೂ ಮುಟ್ಟಲ್ಲ ಅಂತ. ಅವತ್ತಿಂದ ಬೇಕಾದ್ದೆಲ್ಲ ಅಲ್ಲೇ."

"ಬೇಡದ್ದು?"

"ಬೇಡದ್ದು ಹಾಗೇ ಹೊರಗಿರುತ್ತೆ," ಎಂದ, ಇಷ್ಟೂ ಗೊತ್ತಿಲ್ಲವೇ ಎಂಬಂತೆ.

ಅಂಚೆಯಕ್ಕನಿಗೆ ಎಡವಟ್ಟು ಎಲ್ಲೆಂದು ಗೊತ್ತಾಯಿತು. ನಕಲು ಮಾಡುವ ಪ್ರೋಗ್ರಾಮು ಕಸದ ಬುಟ್ಟಿಯನ್ನು ಮುಟ್ಟಿಯೇ ಇರಲಿಲ್ಲ. ಮನೆ ಬದಲಿಸುವವರು ಕಸ ಹೊತ್ತುಕೊಂಡು ಹೋಗುತ್ತಾರೆಯೇ ಎಂದು ಅದನ್ನು ಬರೆದವರು ಅಂದುಕೊಂಡಿದ್ದರು. ಸಾಲದ್ದಕ್ಕೆ ಹೊಸ ಆವೃತ್ತಿಗೆ ಬುಟ್ಟಿಯನ್ನು ತಿಂಗಳಿಗೊಮ್ಮೆ ತಾನೇ ಖಾಲಿ ಮಾಡುವ ಅಚ್ಚುಕಟ್ಟುತನ ಬೇರೆ.

ಮೇಜಿಂದ ಮೇಜಿಗೆ ಹೋದಳು. ಬುದ್ಧಿ ಹೇಳಲು ಹೋಗಲಿಲ್ಲ, ಹತ್ತಿರ ಕುರ್ಚಿ ಎಳೆದುಕೊಂಡು ಕೂತು ಕೇಳಿದಳು ಅಷ್ಟೆ. ಲೆಕ್ಕದವರು ಗಿರಾಕಿಗಳ ಒಪ್ಪಂದಗಳನ್ನು ಬುಟ್ಟಿಯಲ್ಲಿಟ್ಟಿದ್ದರು. ತಪಾಸಣೆಯವರು ವರ್ಷಗಟ್ಟಲೆಯ ಸುರಕ್ಷತಾ ವರದಿಗಳನ್ನು ಇಟ್ಟಿದ್ದರು. ಹೋದ ತಿಂಗಳು ಸೇರಿದ ಹುಡುಗಿಯೂ ಆಗಲೇ ಇಡಲು ಕಲಿತಿದ್ದಳು. "ಎಲ್ರೂ ಹಾಗೇ ಮಾಡ್ತಾರಲ್ಲ ಅಕ್ಕ, ನಾನು ಕಂಪನಿ ರೂಲ್ಸು ಅಂದ್ಕೊಂಡೆ," ಎಂದಳು.

ಸರಿ, ಬುಟ್ಟಿಗಳನ್ನೂ ಹೊರಬೇಕು. ಹಾಗೆ ತೀರ್ಮಾನಿಸಿ ತೂಗಿ ನೋಡಿದರೆ ಇನ್ನೊಂದು ಪೇಚು. ಬುಟ್ಟಿಗಳೆಲ್ಲ ಸೇರಿ ಮಿಕ್ಕಿದ್ದರ ಮೂರರಷ್ಟು ಇದ್ದವು. ಹೊಸ ಡಿಸ್ಕಿಗೆ ಹಿಡಿಸುವ ಮಾತೇ ಇರಲಿಲ್ಲ. ಇನ್ನೂ ಡಿಸ್ಕು ಬೇಕು ಎಂದು ಹೋಗಿ ನಿಂತರೆ, ಹೊರಗಿನವರೇ ವಾಸಿ ಎನ್ನಲು ಯಜಮಾನರಿಗೆ ಅಷ್ಟೇ ಸಾಕು.

ಆ ಸಂಜೆ ಮನೆಯಲ್ಲಿ ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದವಳನ್ನು ಏನಾಯಿತೆಂದು ಅತ್ತೆ ಕೇಳಿದರು. ಅವಳು ವಿಷಯ ಹೇಳಿದಳು.

"ಈ ಮನೆಗೆ ಬರೋವಾಗ ನನ್ನ ಹಳೇ ಬಟ್ಟೆ ಗಂಟು ಎಸೆದೆಯಲ್ಲ, ಆಗ ನನ್ನನ್ನ ಒಂದು ಮಾತು ಕೇಳಿದ್ಯಾ?" ಎಂದರು ಅತ್ತೆ. "ಈಗ ಊರವರ ಕಸಕ್ಕೆಲ್ಲ ಮರ್ಯಾದೆ."

"ಅದರಲ್ಲಿ ಏನಿತ್ತು ಅತ್ತೆ, ಬರೀ ಹರಕು."

"ಇದ್ದಿದ್ದು ಬರೀ ಹರಕೇ. ಅದೂ ಎಲ್ಲ ಒಂದೇ ಥರದ ಹರಕು. ಆದ್ರೂ ಕೇಳಬೇಕಿತ್ತು."

ಅಲ್ಲೇ ಕೂತಿದ್ದ ಗಂಡ ನಕ್ಕ. ಅವನು ಬಡಗಿ, ಮಾತು ಕಡಿಮೆ, ಕೈ ಜಾಸ್ತಿ. ಅಂಚೆಯಕ್ಕ ನಗಲಿಲ್ಲ. ಎಲ್ಲ ಒಂದೇ ಥರದ್ದು ಎಂಬ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು.

ಮರುದಿನ ಬೆಳಿಗ್ಗೆ ಬುಟ್ಟಿಗಳಲ್ಲಿ ಜಾಗ ತಿನ್ನುತ್ತಿರುವುದು ಏನೆಂದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ನೋಡಿದಳು. ಮೇಲಿಂದ ಕೆಳಗಿನವರೆಗೆ ಒಂದೇ ಹೆಸರು: ಯಜಮಾನರ ಭಾಷಣ. ಕಂಪನಿ ಶುರುವಾದ ದಿನದ ನೆನಪಿಗೆ ಅವರು ವರ್ಷಕ್ಕೊಮ್ಮೆ ಮಾಡುವ ಭಾಷಣದ ವಿಡಿಯೋ ಎಲ್ಲರಿಗೂ ಮೇಲ್‌ನಲ್ಲಿ ಬರುತ್ತಿತ್ತು. ಅಳಿಸಲು ಯಾರಿಗೂ ಧೈರ್ಯವಿಲ್ಲ, ನೋಡಲು ಯಾರಿಗೂ ಪುರುಸೊತ್ತಿಲ್ಲ. ಆದ್ದರಿಂದ ಎಲ್ಲರೂ ಭಕ್ತಿಯಿಂದ ಕಸದ ಬುಟ್ಟಿಯಲ್ಲಿ ಇಟ್ಟಿದ್ದರು. ಪ್ರತಿ ವರ್ಷದ್ದು, ಪ್ರತಿಯೊಬ್ಬರದ್ದು.

ಹೇಳದೆ ತೆಗೆದುಬಿಡಬಹುದಿತ್ತು. ಒಂದೇ ಒಂದು ಮೇಲ್ ಕೂಡ ಕಾಣೆಯಾಗುವುದಿಲ್ಲ ಎಂದು ಮಾತು ಕೊಟ್ಟವಳಿಗೆ ಅದು ಸರಿಯೆನಿಸಲಿಲ್ಲ. ಅತ್ತೆಯ ಗಂಟಿನ ಪಾಠ ಬೇರೆ ಹೊಸದಾಗಿತ್ತು. ನೇರ ಯಜಮಾನರ ಕೋಣೆಗೆ ಹೋಗಿ ನಡೆದದ್ದೆಲ್ಲ ಹೇಳಿದಳು.

"ಕಸದ ಬುಟ್ಟೀಲಿ ಕೆಲಸದ ಕಾಗದ ಇಡೋದಾ? ಬುದ್ಧಿ ಇರೋರು ಮಾಡೋ ಕೆಲಸಾನಾ ಇದು?" ಎಂದರು ಯಜಮಾನರು.

"ನಿಮ್ಮದೂ ಒಂದ್ಸಲ ನೋಡಲಾ ಸಾರ್?"

ನೋಡಿದರು. ಬುಟ್ಟಿಯ ತುದಿಯಲ್ಲಿದ್ದದ್ದು ಹೊರಗಿನ ಕಂಪನಿಯವರ ಬಣ್ಣದ ಕಾಗದ. ಕೆಳಗೆ ಈ ಕಟ್ಟಡದ ಬಾಡಿಗೆ ಕರಾರು, ಮಗಳ ಕಾಲೇಜಿನ ಪತ್ರ.

"ಇದು ಎಸೆದಿದ್ದಾ ಸಾರ್, ಇಟ್ಟಿದ್ದಾ?" ಎಂದು ಮೇಲಿನದನ್ನು ತೋರಿಸಿ ಕೇಳಿದಳು.

ಯಜಮಾನರು ಕನ್ನಡಕ ಸರಿಮಾಡಿಕೊಂಡರು. "ಸದ್ಯಕ್ಕೆ ಇಟ್ಟಿದ್ದು," ಎಂದರು.

"ಹಾಗಾದ್ರೆ ಇನ್ನೊಂದು ಕೇಳ್ತೀನಿ. ನಿಮ್ಮ ಭಾಷಣ ಎಲ್ರ ಹತ್ರಾನೂ ಇದೆ, ಒಂದೊಂದರ ಅಷ್ಟೊಂದು ಪ್ರತಿ. ವರ್ಷಕ್ಕೊಂದು ಪ್ರತಿ ನಾನು ಜೋಪಾನವಾಗಿ ಎತ್ತಿಡ್ತೀನಿ, ಯಾರು ಬೇಕಾದ್ರೂ ನೋಡಬಹುದು. ಮಿಕ್ಕಿದ್ದು ತೆಗೀಲಾ? ತೆಗೆದ್ರೆ ಎಲ್ಲ ಹಿಡಿಸುತ್ತೆ, ಹೊಸ ಡಿಸ್ಕು ಬೇಕಾಗಲ್ಲ."

"ಎಲ್ರ ಹತ್ರಾನೂ ಇದೆಯಾ?" ಯಜಮಾನರ ಮುಖ ಅರಳಿತು. "ಒಬ್ರೂ ಅಳಿಸಿಲ್ವಾ?"

"ಒಬ್ರೂ ಇಲ್ಲ ಸಾರ್." ಅದು ಸುಳ್ಳಲ್ಲ. ಎಷ್ಟು ಜನ ನೋಡಿದ್ದಾರೆ ಎಂದು ಅವರು ಕೇಳಲಿಲ್ಲ, ಇವಳು ಹೇಳಲಿಲ್ಲ.

"ತೆಗೀರಿ, ತೆಗೀರಿ. ಜಾಗ ಮುಖ್ಯ."

ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಬಂದರು. ಹೊಸ ಮೇಲ್‌ಗಳು ಹೊಸ ಯಂತ್ರಕ್ಕೇ ಬರುವಂತೆ ಅವಳು ಮೊದಲು ದಾರಿ ತಿರುಗಿಸಿದಳು. ಆಮೇಲೆ ಹಳೆಯದನ್ನು ಬುಟ್ಟಿಗಳ ಸಮೇತ ಸಾಗಿಸಲು ಶುರು ಹಚ್ಚಿದಳು. ಬುಟ್ಟಿಯಲ್ಲಿ ಇದ್ದದ್ದೆಲ್ಲ 'ಇಟ್ಟದ್ದು' ಎಂಬ ಹೆಸರಿನ ಹೊಸ ಖಾನೆಗೆ ಹೋಗಿ ಕೂರುವಂತೆ ಮಾಡಿದ್ದಳು. ಗಂಡ ಕೋಣೆಯಲ್ಲಿ ಹೊಸ ಯಂತ್ರಕ್ಕೆಂದು ಹಲಗೆ ಬಡಿದುಕೊಟ್ಟು, ಹೊರಗೆ ಬೆಂಚಿನ ಮೇಲೆ ಮಲಗಿ ಗೊರಕೆ ಹೊಡೆಯುತ್ತಿದ್ದ.

ಊಟದ ಹೊತ್ತಿಗೆ ಹೊಸ ಯಂತ್ರ ಒಮ್ಮೆ ಬುಸುಗುಟ್ಟಿ ತಣ್ಣಗೆ ನಿಂತುಹೋಯಿತು. ಅಂಚೆಯಕ್ಕ ಮುಟ್ಟಿ ನೋಡಿದರೆ ಕಾದ ಬಾಣಲೆ. ಪೊರಕೆಗೆಂದು ಕಟ್ಟಿದ ಕೋಣೆ ಎರಡು ಯಂತ್ರಗಳ ಬಿಸಿಯನ್ನು ಹೇಗೆ ತಡೆದೀತು? ಬಾಗಿಲೋ, ತೆರೆದಿಟ್ಟರೂ ತಾನೇ ಬಂದು ಮುಚ್ಚಿಕೊಳ್ಳುವ ಜಾತಿಯದು.

ಗಂಡನನ್ನು ಎಬ್ಬಿಸಿದಳು. "ಸೆಖೆಗೆ ನಿಂತುಹೋಗಿದೆ ಕಣ್ರೀ. ಏನು ಮಾಡೋಣ?"

ಅವನು ಕಣ್ಣುಜ್ಜಿಕೊಂಡು ಬಾಗಿಲನ್ನು ನೋಡಿದ. "ಇದು ಯಾಕೆ ಬೇಕು?"

"ಯಾವುದು?"

"ಬಾಗಿಲು," ಎಂದವನೇ ತಿರುಪುಳಿ ತೆಗೆದುಕೊಂಡು ಕೀಲುಗಳನ್ನು ಬಿಚ್ಚಿ, ಇಡೀ ಬಾಗಿಲನ್ನು ಎತ್ತಿ ಗೋಡೆಗೆ ಒರಗಿಸಿಬಿಟ್ಟ. ಲೆಕ್ಕದವರ ಮೇಜಿನ ಫ್ಯಾನು ತಂದು ಎದುರಿಗಿಟ್ಟ. ಯಂತ್ರ ತಣಿದು ಎದ್ದಿತು, ನಿಂತಲ್ಲಿಂದಲೇ ಮುಂದುವರಿಯಿತು. ಬೆಳಕಿರುವಾಗಲೇ ಕೊನೆಯ ಪೆಟ್ಟಿಗೆಯೂ ದಾಟಿತು. ಅವಳು ಹಸಿರು ಬಣ್ಣ ನಂಬಿ ಎದ್ದು ಹೋಗಲಿಲ್ಲ. ಪ್ರತಿ ಪೆಟ್ಟಿಗೆಯನ್ನೂ ಹಳೆಯದರ ಪಕ್ಕದಲ್ಲಿಟ್ಟು ತಾಳೆ ನೋಡಿದಳು. ಉಗ್ರಾಣದಣ್ಣನ ಪೆಟ್ಟಿಗೆ ಈಗ ತುಂಬುಗರ್ಭಿಣಿಯಂತಿತ್ತು.

ಸೋಮವಾರ ಕಚೇರಿಗೆ ಬಂದವರು ಬಾಗಿಲಿಲ್ಲದ ಕೋಣೆ ನೋಡಿ ನಕ್ಕರು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ದೊಡ್ಡ ಆಸ್ಪತ್ರೆಯೊಂದರ ಲಿಫ್ಟು ನಿಂತುಹೋಗಿತ್ತು. ಒಳಗೆ ಯಾರೂ ಇರಲಿಲ್ಲ, ಆದರೆ ರೋಗಿಗಳನ್ನು ಮೆಟ್ಟಿಲ ಮೇಲೆ ಹೊತ್ತು ಸಾಗಿಸುತ್ತಿದ್ದರು. ಅಲ್ಲಿಗೆ ಹೋಗಿದ್ದ ಮೆಕ್ಯಾನಿಕ್ ಉಗ್ರಾಣಕ್ಕೆ ಫೋನ್ ಮಾಡಿದ್ದ.

"ಅಣ್ಣ, ಇದು ಓಬಿರಾಯನ ಕಾಲದ್ದು. ಮಾಡಿದ ಕಂಪನೀನೇ ಮುಚ್ಚಿಹೋಗಿದೆ. ವೈರಿಂಗ್ ನಕ್ಷೆ ಇಲ್ಲದೆ ಕೈ ಹಾಕೋಕಾಗಲ್ಲ."

"ಇದೆ ಇರು," ಎಂದು ಉಗ್ರಾಣದಣ್ಣ ಕಸದ ಬುಟ್ಟಿ ತೆರೆದ. ಬುಟ್ಟಿ ಹೊಸದಾಗಿ ತೊಳೆದಿಟ್ಟ ಪಾತ್ರೆಯಂತೆ ಖಾಲಿಯಿತ್ತು. ಅವನು ಕೂಗಿಕೊಂಡ. "ಅಂಚೆಯಕ್ಕ, ನನ್ನ ಮನೆ ಹಾಳಾಯ್ತಲ್ಲಮ್ಮ."

ಯಜಮಾನರು ತಮ್ಮ ಕೋಣೆಯಿಂದ ಎದ್ದು ಬಂದು ನಿಂತರು.

ಅಂಚೆಯಕ್ಕ ನಿಧಾನವಾಗಿ ಬಂದು ಪರದೆಯ ಎಡಗಡೆ ಬೆರಳಿಟ್ಟಳು. "ಅಲ್ಲಲ್ಲ ಅಣ್ಣ. ಇಲ್ಲಿ ನೋಡಿ. ಏನಂತ ಬರೆದಿದೆ?"

"ಇಟ್ಟದ್ದು," ಎಂದು ಓದಿದ.

"ಆಸ್ಪತ್ರೆ ಹೆಸರು ಹೊಡೀರಿ."

ಹಳೆಯ ಸರ್ವರಿನಲ್ಲಿ ಹುಡುಕಲು ಕೊಟ್ಟು ಟೀ ಕುಡಿದು ಬರಬೇಕಿತ್ತು. ಈಗ ಅವನು ಕೈಯೆತ್ತುವ ಮೊದಲೇ ನಕ್ಷೆ ಕಣ್ಣ ಮುಂದಿತ್ತು. ಕಳಿಸಿದ. ಎಲ್ಲರೂ ಆ ಮೇಜಿನ ಸುತ್ತ ನಿಂತರು, ಕೆಲಸವಿದ್ದವರೂ ಇಲ್ಲದವರೂ. ಫೋನಿನಲ್ಲಿ ಸುತ್ತಿಗೆಯ ಸದ್ದು, ಯಾರೋ ಗೊಣಗಿದ್ದು, ಆಮೇಲೆ ಮೋಟರಿನ ಗುಂಯ್ ಎಂಬ ಸದ್ದು ಕೇಳಿತು.

"ಏರ್ತಾ ಇದೆ ಅಣ್ಣ. ಚೆನ್ನಾಗಿ ಏರ್ತಾ ಇದೆ," ಎಂದ ಮೆಕ್ಯಾನಿಕ್.

ಇಡೀ ಕಚೇರಿ ಚಪ್ಪಾಳೆ ತಟ್ಟಿತು. ಉಗ್ರಾಣದಣ್ಣ ಎದ್ದು ನಿಂತು ತನ್ನ ಕುರ್ಚಿಯನ್ನು ಒರೆಸಿ ಅಂಚೆಯಕ್ಕನನ್ನು ಅದರ ಮೇಲೆ ಕೂರಿಸಿದ. "ಇವತ್ತು ನನ್ನ ಟೀ ನಿನಗೆ ತಾಯಿ," ಎಂದ. ಅವನು ಯಾರಿಗಾದರೂ ಟೀ ಬಿಟ್ಟುಕೊಟ್ಟದ್ದನ್ನು ಅಲ್ಲಿದ್ದವರು ಕಂಡಿರಲಿಲ್ಲ.

ಯಜಮಾನರು ಅವಳನ್ನು ಒಳಗೆ ಕರೆದರು. ತಮ್ಮ 'ಇಟ್ಟದ್ದು' ಖಾನೆ ತೆರೆದು ಹೊರಗಿನ ಕಂಪನಿಯವರ ಬಣ್ಣದ ಕಾಗದವನ್ನು ಎಳೆದು ಕಸದ ಬುಟ್ಟಿಗೆ ಹಾಕಿದರು.

"ಇದು?" ಎಂದಳು ಅಂಚೆಯಕ್ಕ.

"ಇದು ಎಸೆದದ್ದು," ಎಂದರು ಯಜಮಾನರು. "ಆ ಕೋಣೆ ನಿಮ್ಮದೇ. ಬಾಗಿಲು ಮತ್ತೆ ಹಾಕಿಸೋದಾ?"

"ಬೇಡ ಸಾರ್. ಗಾಳಿ ಬರುತ್ತೆ."

ಕಚೇರಿಗೆ ಉಳಿದದ್ದು ಒಂದು ಲಿಫ್ಟಿನ ಬೆಲೆ, ಎಲ್ಲರ ಮೇಲ್‌ಗಳು, ಗಿರಾಕಿಗಳ ಬಾಗಿಲಲ್ಲಿ ಯಾರೂ ತಡೆಯದ ಮೇಲ್ ಕಳಿಸುವ ಒಂದು ಸರ್ವರ್. ಅಂಚೆಯಕ್ಕನಿಗೆ ಅವಳ ಕೆಲಸ ಉಳಿಯಿತು. ಹೋದದ್ದು ಒಂದು ಭಾನುವಾರ, ಒಂದು ಬಾಗಿಲು, ಮತ್ತು ಭಾಷಣದ ಪ್ರತಿಗಳು. ಎತ್ತಿಟ್ಟ ಪ್ರತಿಗಳನ್ನು ಇಂದಿನವರೆಗೂ ಯಾರೂ ಕೇಳಿಲ್ಲ.